ಪ್ರತಿ ಒಗಟೂ ಮುಂಡಿಗೆಯಲ್ಲ: ರಾಕ್ ಹಾಡಿನ ಸಾಲುಗಳ ಮೂಲ ಹುಡುಕುವ ನನ್ನ ಕ್ರಮ

ಅರ್ಥವಾಗದ ಸಾಲು ಎದುರಾದರೆ ಅದನ್ನು ಮುಂಡಿಗೆ ಅಂತಲೇ ಹಿಡಿಯುವುದು ಕನ್ನಡ ಓದುಗರ ಅಭ್ಯಾಸ. ಕನಕದಾಸರ ಮುಂಡಿಗೆಗೂ ಅಲ್ಲಮನ ಬೆಡಗಿನ ವಚನಕ್ಕೂ ಒಳಗೊಂದು ಕೀಲಿಕೈ ಇರುತ್ತದೆ, ತಿಳಿದವರು ಅದನ್ನು ತೆಗೆದುಕೊಡುತ್ತಾರೆ. ರಾಕ್ ಹಾಡಿನ ಹತ್ತಿರ ಅದೇ ನಿರೀಕ್ಷೆ ಇಟ್ಟುಕೊಂಡು ಹೋದರೆ ದಾರಿ ತಪ್ಪುತ್ತದೆ. ಅಲ್ಲಿನ ವಿಚಿತ್ರ ಸಾಲುಗಳು ಎಷ್ಟೋ ಸಲ ಅಂದಿನ ಪತ್ರಿಕೆಯಿಂದ, ಗೋಡೆಬರಹದಿಂದ, ಪಾರ್ಟಿಯಲ್ಲಿ ಕಿವಿಗೆ ಬಿದ್ದ ಮಾತಿನಿಂದ ಎದ್ದು ಬಂದವು. ಹಾಗಾಗಿ ಅರ್ಥವನ್ನು ನಾನು ಕೊನೆಗೆ ಇಟ್ಟುಕೊಳ್ಳುತ್ತೇನೆ. ಮೊದಲು ಪದ, ಆಮೇಲೆ ತಾರೀಕು, ಆಮೇಲೆ ಮೂಲ. ಇಷ್ಟಾಗಿ ಉಳಿದರೆ ಅರ್ಥ.

ಪದ ಅಂದರೆ ನಿಜವಾಗಿ ಹಾಡಿದ ಪದ. ಲಿರಿಕ್ಸ್ ಪುಟಗಳು ಒಂದನ್ನೊಂದು ನಕಲು ಮಾಡುತ್ತವೆ. ಹತ್ತು ಕಡೆ ಒಂದೇ ತಪ್ಪು ಇದ್ದರೆ ಅದು ಹತ್ತು ಸಾಕ್ಷಿಯಲ್ಲ, ಒಂದೇ. ಅವನ್ನು ತೆರೆಯುವ ಮುಂಚೆಯೇ ಕೇಳಿಸಿದ್ದನ್ನು ಕೇಳಿಸಿದ ಹಾಗೆ ಬರೆದಿಟ್ಟುಕೊಳ್ಳಬೇಕು. ಒಮ್ಮೆ ಅಕ್ಷರ ಕಣ್ಣಿಗೆ ಬಿದ್ದರೆ ಕಿವಿ ಅದನ್ನೇ ಕೇಳಿಸಿಕೊಳ್ಳುತ್ತದೆ, ಬಿಡಿಸಿಕೊಳ್ಳುವುದು ಕಷ್ಟ.

ಕೇಳಲು ಸಿಡಿ ಅಥವಾ ದನಿಯ ಗುಣ ಕಳೆಯದ ಫ್ಲ್ಯಾಕ್ ಕಡತ ಇದ್ದರೆ ಒಳ್ಳೆಯದು. 128 ಕೆಬಿಪಿಎಸ್‌ನ ಎಂಪಿ3ಯಲ್ಲಿ ಸಕಾರ, ಫಕಾರ ಕಲಸಿಹೋಗಿರಬಹುದು. ಉಚಿತವಾಗಿ ಸಿಗುವ ಆಡಾಸಿಟಿ ಎಂಬ ಧ್ವನಿ ತಂತ್ರಾಂಶದಲ್ಲಿ ಹಾಡು ತೆರೆದು ಐದಾರು ಸೆಕೆಂಡಿನ ತುಂಡನ್ನು ಆಯ್ದು ಲೂಪ್ ಹಾಕಿ. 'ಚೇಂಜ್ ಟೆಂಪೋ'ದಲ್ಲಿ ವೇಗವನ್ನು ಶೇ. 25 ಇಳಿಸಿ, ಶ್ರುತಿ ಹಾಗೇ ಉಳಿಯುತ್ತದೆ. ಅರ್ಧಕ್ಕಿಂತ ಕೆಳಗೆ ಇಳಿಸಿದರೆ ವ್ಯಂಜನಗಳು ಎಳೆದಾಡಿ ಹೊಸ ಭ್ರಮೆಗಳನ್ನೇ ಹುಟ್ಟಿಸುತ್ತವೆ. ಈಕ್ವಲೈಸರ್‌ನಲ್ಲಿ 200 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, 2ರಿಂದ 4 ಕಿಲೋಹರ್ಟ್ಸ್ ನಡುವೆ ನಾಲ್ಕೈದು ಡೆಸಿಬೆಲ್ ಏರಿಸಿ. ಬೇಸ್ ಗಿಟಾರ್ ಹಿಂದೆ ಸರಿಯುತ್ತದೆ, ಮಾತಿನ ಅಂಚು ಮುಂದೆ ಬರುತ್ತದೆ. 1960ರ ದಶಕದ ಸ್ಟೀರಿಯೋ ಮಿಕ್ಸ್‌ಗಳಲ್ಲಿ ಇನ್ನೊಂದು ಅನುಕೂಲ: ಎಷ್ಟೋ ಹಾಡುಗಳಲ್ಲಿ ಗಾಯನ ಪೂರ್ತಿ ಒಂದೇ ಕಿವಿಯ ಕಡೆ ಇದೆ. ಟ್ರ್ಯಾಕನ್ನು ಎರಡಾಗಿ ಒಡೆದು ಇನ್ನೊಂದನ್ನು ಮುಚ್ಚಿದರೆ ಸಾಕು.

ಇಷ್ಟೆಲ್ಲ ಮಾಡಿದರೂ ಸೋಲುವ ಹಾಡುಗಳಿವೆ. ಕಿಂಗ್ಸ್‌ಮೆನ್ ತಂಡ 1963ರಲ್ಲಿ ಹಾಡಿದ 'ಲೂಯಿ ಲೂಯಿ'ಯಲ್ಲಿ ಅಶ್ಲೀಲ ಮಾತಿದೆ ಎಂಬ ದೂರಿನ ಮೇಲೆ ಅಮೆರಿಕದ ಎಫ್‌ಬಿಐ ಆ ತಟ್ಟೆಯನ್ನು ಬೇರೆ ಬೇರೆ ವೇಗದಲ್ಲಿ ತಿರುಗಿಸಿ ಕೇಳಿತು. ಯಾವ ವೇಗದಲ್ಲೂ ಮಾತು ತಿಳಿಯುವುದಿಲ್ಲ ಎಂಬುದೇ ಅದಕ್ಕೆ ಸಿಕ್ಕ ಫಲ. ರಿಚರ್ಡ್ ಬೆರಿ 1950ರ ದಶಕದಲ್ಲಿ ಬರೆದ ಮೂಲ ಹಾಡಿನಲ್ಲಿ ಇರುವುದು ಇಷ್ಟೇ: ನಾವಿಕನೊಬ್ಬ ಮದ್ಯದಂಗಡಿಯವನ ಮುಂದೆ ತನ್ನ ಹುಡುಗಿಯ ನೆನಪು ತೋಡಿಕೊಳ್ಳುತ್ತಾನೆ. ಬೆರಿಯದೇ ರೆಕಾರ್ಡ್ ಹಾಕಿದರೆ ಮಾತು ಸ್ಪಷ್ಟ. ಒಂದು ಹಾಡನ್ನು ಬೇರೆಯವರೂ ಹಾಡಿದ್ದರೆ ಮೊದಲು ಹಾಡಿದವರ ದನಿಗೆ ಹೋಗುವುದು ಅರ್ಧ ಕೆಲಸ ಮುಗಿಸಿದ ಹಾಗೆ.

'ಬ್ಲೈಂಡೆಡ್ ಬೈ ದ ಲೈಟ್' ಕೂಡ ಇದೇ ಪಾಠ ಹೇಳುತ್ತದೆ. ಮ್ಯಾನ್‌ಫ್ರೆಡ್ ಮ್ಯಾನ್ಸ್ ಅರ್ಥ್ ಬ್ಯಾಂಡ್‌ನ 1976ರ ರೆಕಾರ್ಡಿನಲ್ಲಿ 'ರೆವ್ಡ್ ಅಪ್ ಲೈಕ್ ಎ ಡ್ಯೂಸ್' ಎಂಬುದು ಅಮೆರಿಕನ್ನರಿಗೇ ಬೇರೊಂದು ಮುಜುಗರದ ಪದವಾಗಿ ಕೇಳಿಸಿತು. ಬ್ರೂಸ್ ಸ್ಪ್ರಿಂಗ್‌ಸ್ಟೀನ್ 1973ರಲ್ಲಿ ತಾನೇ ಹಾಡಿದ್ದು 'ಕಟ್ ಲೂಸ್ ಲೈಕ್ ಎ ಡ್ಯೂಸ್'. ಎರಡೂ ಪಕ್ಕಪಕ್ಕ ಇಟ್ಟರೆ ಕೊನೆಯ ಪದ ಡ್ಯೂಸ್ ಎಂದು ಖಾತ್ರಿಯಾಗುತ್ತದೆ. ಆದರೆ ಡ್ಯೂಸ್ ಅಂದರೇನು ಎಂದು ಯಾವ ಹೆಡ್‌ಫೋನೂ ಹೇಳದು. ಅದು 1932ರ ಫೋರ್ಡ್ ಕಾರಿನ ಅಡ್ಡಹೆಸರು, ಇಸವಿಯ ಕೊನೆಯ ಎರಡರಿಂದ ಬಂದದ್ದು. ಹಳೆಯ ಕಾರಿಗೆ ದೊಡ್ಡ ಎಂಜಿನ್ ಕೂರಿಸಿ ಓಡಿಸುವ ಹುಡುಗರ ಅಚ್ಚುಮೆಚ್ಚಿನ ಗಾಡಿ. ಇಂಥ ಪದಕ್ಕೆ ಮನೆಯ ಇಂಗ್ಲಿಷ್ ನಿಘಂಟು ಸಾಲದು. ಗ್ರೀನ್‌ನ ಆಡುನುಡಿ ನಿಘಂಟಿನಲ್ಲಿ ಪ್ರತಿ ಬಳಕೆಗೂ ಇಸವಿ ಕೊಟ್ಟಿರುತ್ತಾರೆ. ಹಾಡಿಗಿಂತ ಹಿಂದಿನ ಬಳಕೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಹಾಡಿನ ನಂತರ ಹುಟ್ಟಿದ ಅರ್ಥ ಹಾಡಿನಿಂದಲೇ ಹುಟ್ಟಿರಬಹುದು.

ಊರೂ ಮುಖ್ಯ. ಬೀಟಲ್ಸ್ ಹಾಡೊಂದರ ಹೆಸರಾದ 'ಹೆಲ್ಟರ್ ಸ್ಕೆಲ್ಟರ್' ಇಂಗ್ಲೆಂಡಿನ ಜಾತ್ರೆಗಳಲ್ಲಿ ಗೋಪುರವನ್ನು ಸುತ್ತಿಕೊಂಡು ಇಳಿಯುವ ಜಾರುಬಂಡೆ. ಮೇಲೆ ಹತ್ತು, ಸುಯ್ಯನೆ ಜಾರು, ಮತ್ತೆ ಹತ್ತು. ಇಂಗ್ಲೆಂಡಿನ ಮಗುವಿಗೂ ಗೊತ್ತಿದ್ದ ಈ ವಸ್ತುವನ್ನು ಕ್ಯಾಲಿಫೋರ್ನಿಯಾದ ಪಂಥವೊಂದರ ಮುಖ್ಯಸ್ಥ ಚಾರ್ಲ್ಸ್ ಮ್ಯಾನ್ಸನ್ ಪ್ರಳಯದ ಸಂಕೇತವೆಂದು ಓದಿದ. 1969ರಲ್ಲಿ ಅವನ ಹಿಂಬಾಲಕರು ಕೊಲೆ ನಡೆದ ಮನೆಯಲ್ಲಿ ರಕ್ತದಿಂದ ಅದೇ ಪದ ಬರೆದರು.

ಇನ್ನು ತಾರೀಕು. ಒಂದು ಹಾಡಿಗೆ ಮೂರು ತಾರೀಕು ಬರೆದುಕೊಳ್ಳಬೇಕು: ಬರೆದದ್ದು, ರೆಕಾರ್ಡಿಂಗ್ ಶುರುವಾದದ್ದು, ಬಿಡುಗಡೆಯಾದದ್ದು. ಬರೆದ ದಿನ ಸಿಗುವುದು ಅಪರೂಪ, ರೆಕಾರ್ಡಿಂಗ್ ದಿನ ಬೀಟಲ್ಸ್‌ನಂಥವರಿಗೆ ಗಂಟೆಯ ಲೆಕ್ಕದಲ್ಲಿ ಸಿಗುತ್ತದೆ. ಮೂಲ ಎಂದು ಹೇಳುವ ಯಾವುದೇ ಘಟನೆ ಎರಡನೆಯ ತಾರೀಕಿಗಿಂತ ಹಿಂದೆ ಇರಲೇಬೇಕು. ಅರ್ಧಕ್ಕರ್ಧ ವದಂತಿಗಳು ಈ ಒಂದೇ ಜರಡಿಯಲ್ಲಿ ಉದುರುತ್ತವೆ. ಅವರದೇ 'ಅಕ್ರಾಸ್ ದ ಯೂನಿವರ್ಸ್'ನಲ್ಲಿ 'ಜೈ ಗುರುದೇವ ಓಂ' ಇದೆಯಲ್ಲ, ಅದು ಋಷಿಕೇಶದಲ್ಲಿ ಹುಟ್ಟಿದ ಹಾಡು ಎನ್ನುವವರಿದ್ದಾರೆ. ರೆಕಾರ್ಡಿಂಗ್ ಶುರುವಾದದ್ದು 1968ರ ಫೆಬ್ರವರಿ 4ರಂದು ಲಂಡನ್‌ನಲ್ಲಿ. ಬೀಟಲ್ಸ್ ಋಷಿಕೇಶಕ್ಕೆ ಹೊರಟದ್ದು ಆ ತಿಂಗಳ ನಡುವೆ. ಅವರಿಗೆ ಮಹರ್ಷಿ ಮಹೇಶ ಯೋಗಿಯ ಪರಿಚಯ ಆಗಿದ್ದು ಅದಕ್ಕೂ ಮುಂಚೆ, 1967ರ ಆಗಸ್ಟ್‌ನಲ್ಲಿ. ಗುರುದೇವ ಎಂದರೆ ಯೋಗಿಯ ಗುರು, ಜ್ಯೋತಿರ್ಮಠದ ಶಂಕರಾಚಾರ್ಯರಾಗಿದ್ದ ಬ್ರಹ್ಮಾನಂದ ಸರಸ್ವತಿ. ಪಶ್ಚಿಮದವರು ಪುಟಗಟ್ಟಲೆ ವಿವರಿಸುವ ಈ ಸಾಲು, ಶೃಂಗೇರಿಯನ್ನು ಬಲ್ಲವರಿಗೆ ನಾಲ್ಕು ಆಮ್ನಾಯ ಮಠಗಳಲ್ಲಿ ಉತ್ತರದ್ದು ಎಂದರೆ ಮುಗಿಯಿತು. ಕ್ವೀನ್ ತಂಡದ 'ಬೊಹಿಮಿಯನ್ ರಾಪ್ಸೊಡಿ'ಯ 'ಬಿಸ್ಮಿಲ್ಲಾ' ಕೂಡ ನಮಗೆ ಒಗಟೇ ಅಲ್ಲ. ಆದರೆ ಮೈಮರೆಯಬೇಡಿ: ಲೆಡ್ ಜೆಪ್ಲಿನ್‌ನ 'ಕಾಶ್ಮೀರ್' ಕೇಳಿ ಹಿಮಾಲಯ ಕಾಣುವುದು ನಾವೇ. ಅದರ ಗಾಯಕ ರಾಬರ್ಟ್ ಪ್ಲಾಂಟ್‌ಗೆ ಆ ಸಾಲುಗಳು ಹೊಳೆದದ್ದು ದಕ್ಷಿಣ ಮೊರಾಕ್ಕೊದ ಮರಳುಗಾಡಿನ ನೀಳ ರಸ್ತೆಯಲ್ಲಿ.

ತಾರೀಕು ಸಿಕ್ಕರೆ ಅಂದಿನ ಪತ್ರಿಕೆ ತೆರೆಯಬಹುದು. ಬೀಟಲ್ಸ್ ಹಾಡು 'ಎ ಡೇ ಇನ್ ದ ಲೈಫ್'ನ ರೆಕಾರ್ಡಿಂಗ್ 1967ರ ಜನವರಿ 19ರಂದು ಶುರು. ಅದಕ್ಕೆ ಎರಡೇ ದಿನ ಹಿಂದಿನ ಡೈಲಿ ಮೇಲ್‌ನಲ್ಲಿ ಲ್ಯಾಂಕಾಶೈರಿನ ಬ್ಲ್ಯಾಕ್‌ಬರ್ನ್ ಊರಿನ ರಸ್ತೆಗಳಲ್ಲಿ 4,000 ಗುಂಡಿಗಳಿವೆ ಎಂಬ ಪುಟ್ಟ ಸುದ್ದಿ ಇದೆ. ತಲೆಗೆ ಇಪ್ಪತ್ತಾರನೇ ಒಂದು ಪಾಲು ಗುಂಡಿ ಎಂಬ ಲೆಕ್ಕವೂ ಅಲ್ಲೇ ಇದೆ. ಹಾಡಿನಲ್ಲಿ ಬರುವ ನಾಲ್ಕು ಸಾವಿರ ರಂಧ್ರ ಎಂದರೆ ಮಾದಕವಸ್ತುವಿನ ಸೂಜಿ ಚುಚ್ಚಿದ ಗುರುತು ಎಂದು ವ್ಯಾಖ್ಯಾನಿಸಿದವರಿದ್ದರು. ಬೆಂಗಳೂರಿನವರಿಗೆ ರಸ್ತೆಗುಂಡಿಯ ಅರ್ಥವೇ ಮೊದಲು ಹೊಳೆದಿರಬೇಕು. ಹಳೆಯ ಪತ್ರಿಕೆಗಳ ಡಿಜಿಟಲ್ ಸಂಗ್ರಹದಲ್ಲಿ ಹುಡುಕುವಾಗ ಹಾಡಿನ ಇಡೀ ಸಾಲು ಹಾಕಬೇಡಿ, ಏನೂ ಸಿಗುವುದಿಲ್ಲ. ಊರಿನ ಹೆಸರು, ಸಂಖ್ಯೆ, ವ್ಯಕ್ತಿಯ ಹೆಸರು ಬಿಡಿಬಿಡಿಯಾಗಿ ಹಾಕಿ, ರೆಕಾರ್ಡಿಂಗ್‌ಗೆ ಹಿಂದಿನ ಎರಡು ತಿಂಗಳಿಗೆ ಮಿತಿ ಹಾಕಿ.

ಮೂಲ ಕಾಗದವೇ ಸಿಕ್ಕಾಗ ಏನು ಮಾಡಬೇಕು ಎಂಬುದಕ್ಕೆ 'ಬೀಯಿಂಗ್ ಫಾರ್ ದ ಬೆನಿಫಿಟ್ ಆಫ್ ಮಿಸ್ಟರ್ ಕೈಟ್'ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಈ ಹಾಡು ಬರೆದ ಬೀಟಲ್ಸ್‌ನ ಜಾನ್ ಲೆನನ್ 1967ರ ಜನವರಿ 31ರಂದು ಕೆಂಟ್‌ನ ಸೆವೆನೋಕ್ಸ್ ಊರಿನ ಹಳೇ ಸಾಮಾನಿನ ಅಂಗಡಿಯಲ್ಲಿ ಒಂದು ಸರ್ಕಸ್ ಪೋಸ್ಟರ್ ಕೊಂಡ. ಪ್ಯಾಬ್ಲೊ ಫ್ಯಾಂಕ್ ಕಂಪನಿಯದು. ರಾಚ್‌ಡೇಲ್‌ನಲ್ಲಿ 1843ರ ಫೆಬ್ರವರಿ 14, ಮಂಗಳವಾರ ಸಂಜೆಯ ಆಟ. ಹಾಡನ್ನೂ ಪೋಸ್ಟರನ್ನೂ ಎರಡು ಕಾಲಂ ಮಾಡಿ ಸಾಲುಸಾಲಾಗಿ ಹೊಂದಿಸಿ ನೋಡಿ. 'ಬೆನಿಫಿಟ್' ಎಂದರೆ ನಮ್ಮ ನಾಟಕ ಕಂಪನಿಗಳ ಸಹಾಯಾರ್ಥ ಪ್ರದರ್ಶನ: ಆ ರಾತ್ರಿಯ ಗಳಿಕೆ ಆ ಕಲಾವಿದನಿಗೆ. ಇನ್ನು ಮೂರೇ ರಾತ್ರಿ ಬಾಕಿ ಎಂದು ಆಸೆ ಹಚ್ಚುವ ಅದರ ಧಾಟಿಯೂ ಕಂಪನಿ ನಾಟಕದ ಗೋಡೆಚೀಟಿ ಓದಿದವರಿಗೆ ಹೊಸದಲ್ಲ. 'ಸೋಮರ್‌ಸೆಟ್' ಎಂದರೆ ಲಾಗ, ಸೋಮರ್‌ಸಾಲ್ಟ್‌ನ ಹಳೆಯ ರೂಪ. ಅದನ್ನು ಇಂಗ್ಲೆಂಡಿನ ಸೋಮರ್‌ಸೆಟ್ ಜಿಲ್ಲೆ ಎಂದುಕೊಂಡರೆ ಸಾಲು ಕೆಟ್ಟಿತು. ಪೋಸ್ಟರಿನಲ್ಲಿ ಹೆಂಡರ್ಸನ್ ಎಂಬ ಕಲಾವಿದ ಹಾಕುವ ಲಾಗ 21, ಹಾಡಿನಲ್ಲಿ ಹತ್ತು. 'ನಿಜವಾದ ಬೆಂಕಿಯ' ಪೀಪಾಯಿ ಎರಡೂ ಕಡೆ ಇದೆ. ರಾಚ್‌ಡೇಲ್ ಹೋಗಿ ಲಂಡನ್‌ನ ಬಿಷಪ್ಸ್‌ಗೇಟ್ ಬಂತು, ಮಂಗಳವಾರ ಹೋಗಿ ಶನಿವಾರ ಬಂತು. ಬಿಷಪ್ಸ್‌ಗೇಟ್ ಯಾಕೆ? ಮುಂದೆ 'ಲೇಟ್' ಬರುತ್ತದೆ, ಪ್ರಾಸ ಬೇಕಿತ್ತು.

ಕುದುರೆಯ ವಿಚಾರ ಸ್ವಲ್ಪ ನಿಂತು ನೋಡಬೇಕಾದ್ದು. 'ಹಾರ್ಸ್' ಹೆರಾಯಿನ್‌ಗೆ ಇದ್ದ ಅಡ್ಡಹೆಸರು, ಆದ್ದರಿಂದ ಹಾಡಿನ 'ಹೆನ್ರಿ ದ ಹಾರ್ಸ್' ಮಾದಕವಸ್ತುವಿನ ಗುಪ್ತ ಮಾತು ಎಂದರು. ಅಡ್ಡಹೆಸರು ಇದ್ದದ್ದು ನಿಜ, ಹಾಡಿಗಿಂತ ಹಳೆಯದೂ ಹೌದು. ನನ್ನ ತಾರೀಕಿನ ಜರಡಿ ಇಲ್ಲಿ ಏನೂ ಮಾಡದು. ಪೋಸ್ಟರ್ ಮಾಡುತ್ತದೆ. ಅಲ್ಲಿ 1843ರಲ್ಲೇ ಒಂದು ಕುದುರೆ ಇದೆ, ಹೆಸರು ಝ್ಯಾಂಥಸ್. ಲೆನನ್ ಬದಲಿಸಿದ್ದು ಹೆಸರು ಮಾತ್ರ. ಹೆನ್ರಿಯೇ ಯಾಕೆ ಎಂದರೆ, ಹಕಾರಕ್ಕೆ ಹಕಾರ ಸೇರಿದ್ದಕ್ಕೆ ಎಂದು ನನ್ನ ಊಹೆ. ಊಹೆಯನ್ನು ನಾನು ಪೆನ್ಸಿಲ್‌ನಲ್ಲೇ ಬರೆಯುತ್ತೇನೆ, ಕಾಗದದಲ್ಲಿ ಕಂಡದ್ದನ್ನು ಪೆನ್ನಿನಲ್ಲಿ. ಎರಡು ವರ್ಷ ಬಿಟ್ಟು ಟಿಪ್ಪಣಿ ಪುಸ್ತಕ ತೆಗೆದಾಗ ಯಾವುದು ಯಾವುದೆಂದು ಮರೆತಿರುತ್ತದೆ.

ಬರೆದವರನ್ನೇ ಕೇಳಿದರೆ ಆಯಿತಲ್ಲ ಎನ್ನಬಹುದು. ಅವರ ಮಾತೂ ಸಾಕ್ಷಿಯೇ, ತೀರ್ಪಲ್ಲ. ಸಂದರ್ಶನಕ್ಕೂ ತಾರೀಕು ಬರೆದುಕೊಳ್ಳಿ, ಹಾಡಿಗೆ ಹತ್ತಿರದ್ದಕ್ಕೆ ಹೆಚ್ಚು ತೂಕ ಕೊಡಿ. ಪ್ರೊಕಾಲ್ ಹಾರಂ ತಂಡದ 1967ರ 'ಎ ವೈಟರ್ ಶೇಡ್ ಆಫ್ ಪೇಲ್' ಬರೆದ ಕೀತ್ ರೀಡ್, ಶೀರ್ಷಿಕೆಯ ಮಾತು ಒಂದು ಪಾರ್ಟಿಯಲ್ಲಿ ಯಾರೋ ಯಾರಿಗೋ ಹೇಳಿದ್ದು ಎಂದಿದ್ದಾನೆ. ಹಾಡಿನಲ್ಲಿ ಕಥೆ ಹೇಳುವ ಗಿರಣಿಯವನೊಬ್ಬ ಬರುವುದರಿಂದ ಓದಿಕೊಂಡವರೆಲ್ಲ ಗಿರಣಿಯವನ ಕಥೆ ಬರೆದ ಹಳೆಯ ಇಂಗ್ಲಿಷ್ ಕವಿ ಚಾಸರ್‌ನ ಕಡೆ ಓಡಿದರು. ರೀಡ್ ತಾನು ಚಾಸರ್‌ನನ್ನು ಓದಿರಲಿಲ್ಲ ಎಂದ. ಇದನ್ನು ನಂಬಲು ನನಗೆ ಅಡ್ಡಿಯಿಲ್ಲ. ಆದರೂ 'ವಿ ಸ್ಕಿಪ್ಡ್ ದ ಲೈಟ್ ಫ್ಯಾಂಡ್ಯಾಂಗೊ' ಎಂಬ ಮೊದಲ ಸಾಲಿನ ಹಿಂದೆ ಕುಣಿಯುವುದಕ್ಕೆ ಇಂಗ್ಲಿಷಿನಲ್ಲಿರುವ 'ಟ್ರಿಪ್ ದ ಲೈಟ್ ಫ್ಯಾಂಟಾಸ್ಟಿಕ್' ಎಂಬ ನುಡಿಗಟ್ಟು ಇದೆ, ಅದರ ಹಿಂದೆ ಕವಿ ಮಿಲ್ಟನ್ ಇದ್ದಾನೆ. ಮಿಲ್ಟನ್‌ನನ್ನು ಓದದವರೂ ಆ ನುಡಿಗಟ್ಟು ಬಳಸುತ್ತಾರೆ. ಹಾಗಾಗಿ 'ಕವಿ ಓದಿದ್ದನೇ' ಮತ್ತು 'ಭಾಷೆಯಲ್ಲಿ ಇತ್ತೇ' ಎರಡು ಬೇರೆ ಪ್ರಶ್ನೆ.

ಬೇಕೆಂತಲೇ ದಾರಿ ತಪ್ಪಿಸುವವರೂ ಇದ್ದಾರೆ. ತಾನು ಓದಿದ ಶಾಲೆಯಲ್ಲಿ ಮೇಷ್ಟರು ಬೀಟಲ್ಸ್ ಸಾಲುಗಳನ್ನು ಬಿಡಿಸಿ ಪಾಠ ಮಾಡುತ್ತಿದ್ದಾರೆಂದು ಹುಡುಗನೊಬ್ಬನ ಪತ್ರದಿಂದ ತಿಳಿದ ಲೆನನ್, ಬಿಡಿಸಲಾಗದ ಹಾಗೆ 'ಐ ಆ್ಯಮ್ ದ ವಾಲ್ರಸ್' ಬರೆದ. ಆದರೂ ತುಂಡುಗಳಿಗೆ ವಿಳಾಸ ಇದೆ: ವಾಲ್ರಸ್ ಬಂದದ್ದು ಲೂಯಿಸ್ ಕ್ಯಾರಲ್‌ನ 1871ರ ಪುಸ್ತಕದಿಂದ, ಹಳದಿ ಕಸ್ಟರ್ಡ್‌ನ ಹೇಸಿಗೆ ಸಾಲು ಮಕ್ಕಳ ಆಟದ ಪದ್ಯದಿಂದ, ಕೊನೆಯ ಗದ್ದಲದ ಮಾತುಗಳು ಮಿಕ್ಸ್ ಮಾಡುವ ಹೊತ್ತಿಗೆ ಬಿಬಿಸಿ ರೇಡಿಯೊದಲ್ಲಿ ಬರುತ್ತಿದ್ದ 'ಕಿಂಗ್ ಲಿಯರ್' ನಾಟಕದಿಂದ. ಮೂಲ ಇದೆ, ಅರ್ಥ ಇಲ್ಲ. ಹೀಗೆ ಬರೆದು ಪುಟ ಮುಗಿಸಲು ಕೆಲವರಿಗೆ ಕಷ್ಟವಾಗುತ್ತದೆ.

ಈಗಲ್ಸ್ ತಂಡದ 'ಹೋಟೆಲ್ ಕ್ಯಾಲಿಫೋರ್ನಿಯಾ' ಬಗ್ಗೆ ಎರಡೇ ಮಾತು, ಗಿಟಾರ್ ಕಲಿಯುವವರೆಲ್ಲ ಕೇಳುತ್ತಾರೆ ಅಂತ. 'ಕೊಲೀಟಾಸ್' ಸ್ಪ್ಯಾನಿಷ್‌ನಲ್ಲಿ ಪುಟ್ಟ ಬಾಲ, ಮೆಕ್ಸಿಕೊದ ಆಡುಮಾತಿನಲ್ಲಿ ಗಾಂಜಾದ ಮೊಗ್ಗು. 'ಸ್ಟೀಲಿ ನೈವ್ಸ್' ಸ್ಟೀಲಿ ಡ್ಯಾನ್ ತಂಡಕ್ಕೆ ಕೊಟ್ಟ ತಮಾಷೆಯ ಮಾರುತ್ತರ. ಅದೇ 1976ರಲ್ಲಿ ಅವರು ತಮ್ಮ ಒಂದು ಹಾಡಿನಲ್ಲಿ ಈಗಲ್ಸ್ ಹೆಸರೆತ್ತಿದ್ದರು. ಅದೇ ಹೆಸರಿನ ಯಾವುದಾದರೂ ಹೋಟೆಲಿನ ಫೋಟೊ ತೋರಿಸಿ ಇದೇ ಆ ಜಾಗ ಎಂದರೆ ನಂಬಬೇಡಿ.

ನಿರ್ವಾಣಾ ತಂಡದ 'ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಹಾಡಿಗೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಎರಡು ನಮೂದು ಇವೆ. 'ಕರ್ಟ್ ಸ್ಮೆಲ್ಸ್ ಲೈಕ್ ಟೀನ್ ಸ್ಪಿರಿಟ್' ಎಂದು ಗಾಯಕಿ ಕ್ಯಾಥ್ಲೀನ್ ಹಾನಾ ನಿರ್ವಾಣಾದ ಗಾಯಕ ಕರ್ಟ್ ಕೋಬೇನ್‌ನ ಕೋಣೆಯ ಗೋಡೆಯ ಮೇಲೆ ಬರೆದಳು. ಟೀನ್ ಸ್ಪಿರಿಟ್ ಆಗ ಅಂಗಡಿಯಲ್ಲಿ ಸಿಗುತ್ತಿದ್ದ ಹುಡುಗಿಯರ ಡಿಯೋಡರೆಂಟ್. ಇದು ಮೂಲದ ಕಾಲಂನಲ್ಲಿ, ಪೆನ್ನಿನಲ್ಲಿ. ಕರ್ಟ್ ಕೋಬೇನ್‌ಗೆ ಆ ಬ್ರ್ಯಾಂಡ್ ಗೊತ್ತಿರಲಿಲ್ಲ. ಅದನ್ನು ಯುವಜನರ ಬಂಡಾಯದ ಘೋಷಣೆ ಎಂದುಕೊಂಡೇ 1991ರ ಆ ಹಾಡಿಗೆ ಹೆಸರಿಟ್ಟ. ಇದು ಅರ್ಥದ ಕಾಲಂನಲ್ಲಿ. ಅದೂ ಪೆನ್ನಿನಲ್ಲೇ.