ಮಳೆ ಬಂದರೂ ಹೆಂಚು ಒದ್ದೆಯಾಗಲಿಲ್ಲ

ವಿಡಿಯೋ ಗೇಮ್ ತಯಾರಿಸುವ ಸಾಫ್ಟ್‌ವೇರ್ ಆದ ಅನ್‌ರಿಯಲ್ ಎಂಜಿನ್ 5ರಲ್ಲಿ ನಾವು ಮಾಡುತ್ತಿರುವ ಆಟದಲ್ಲಿ ಒಂದು ಮಲೆನಾಡಿನ ಮನೆ ಬರುತ್ತದೆ. ಜಂಬಿಟ್ಟಿಗೆ ಗೋಡೆ, ಮಂಗಳೂರು ಹೆಂಚು, ರೆಡ್ ಆಕ್ಸೈಡ್ ನೆಲ. ಬೇಸಿಗೆಯ ದೃಶ್ಯ ಚೆನ್ನಾಗಿ ಬಂದಿತ್ತು. ಮಳೆಗಾಲದ ದೃಶ್ಯಕ್ಕೆ ಅಂತ ಮಾಸ್ಟರ್ ಮೆಟೀರಿಯಲ್ (ಮೇಲ್ಮೈ ಹೇಗೆ ಕಾಣಬೇಕು ಅಂತ ಹೇಳುವ ಮೂಲ ಮೆಟೀರಿಯಲ್) ತೆರೆದು ರಫ್‌ನೆಸ್, ಅಂದರೆ ಮೇಲ್ಮೈಯ ಒರಟುತನ, ಇಳಿಸಿದೆ. ಒದ್ದೆಯಾದದ್ದು ಹೊಳೆಯಬೇಕು, ಅಲ್ವಾ? ರಫ್‌ನೆಸ್ 1 ಇದ್ದರೆ ಹೊಳಪೇ ಇಲ್ಲ, 0 ಇದ್ದರೆ ಕನ್ನಡಿ. ಸೇವ್ ಮಾಡಿ ನೋಡಿದರೆ ಹನಿ ಬೀಳುತ್ತಿದೆ, ಮನೆ ಮಾತ್ರ ಒಣಗಿಯೇ ನಿಂತಿದೆ.

ಕಾರಣ ಹುಡುಕಲು ಅರ್ಧ ದಿನ ಬೇಕಾಯಿತು. ನಮ್ಮ ಗೋಡೆ, ಹೆಂಚು, ನೆಲ ಎಲ್ಲವೂ ಒಂದೇ ಮಾಸ್ಟರ್‌ನಿಂದ ಹುಟ್ಟಿದ ಮೆಟೀರಿಯಲ್ ಇನ್‌ಸ್ಟನ್ಸ್‌ಗಳು, ಅಂದರೆ ಬೇಕಾದಷ್ಟನ್ನು ಮಾತ್ರ ಬದಲಿಸಿಕೊಳ್ಳಬಹುದಾದ ಪ್ರತಿಗಳು. ಇನ್‌ಸ್ಟನ್ಸ್ ತೆರೆದರೆ ಪ್ರತಿ ಪ್ಯಾರಾಮೀಟರ್ (ಬದಲಿಸಬಹುದಾದ ಅಂಕಿ, ಬಣ್ಣ ಇತ್ಯಾದಿ) ಪಕ್ಕ ಒಂದು ಚೌಕ ಇರುತ್ತದೆ. ಟಿಕ್ ಇಲ್ಲದಿದ್ದರೆ ಅದರ ಬೆಲೆ (ವ್ಯಾಲ್ಯೂ) ಪೇರೆಂಟ್‌ನಿಂದ, ಅಂದರೆ ಅದು ಹುಟ್ಟಿದ ಮೆಟೀರಿಯಲ್‌ನಿಂದ, ಬರುತ್ತದೆ. ಟಿಕ್ ಹಾಕಿದರೆ ಅದು ಆ ಇನ್‌ಸ್ಟನ್ಸ್‌ನ ಸ್ವಂತ ಬೆಲೆ. ನಾನು ಹೊಸ ಇನ್‌ಸ್ಟನ್ಸ್ ಮಾಡಿದಾಗೆಲ್ಲ, ಮುಂದೆ ಬೇಕಾಗಬಹುದು ಅಂತ ಎಲ್ಲ ಚೌಕಕ್ಕೂ ಟಿಕ್ ಹಾಕಿಬಿಡುತ್ತಿದ್ದೆ. ಬೆಲೆ ಬದಲಿಸದೆ ಸುಮ್ನೆ ಟಿಕ್ ಹಾಕಿದರೂ ಅದು ಓವರ್‌ರೈಡೇ. ಆ ಕ್ಷಣದ ಪೇರೆಂಟ್ ಬೆಲೆ ಅಲ್ಲೇ ನಿಂತುಬಿಡುತ್ತದೆ. ಕಣ್ಣಿಗೆ ಎರಡೂ ಕಡೆ 0.8 ಕಾಣುತ್ತದೆ, ಆದರೆ ನಂಟು ಕಡಿದುಹೋಗಿದೆ.

ನಲವತ್ತು ಇನ್‌ಸ್ಟನ್ಸ್‌ಗಳನ್ನು ಒಂದೊಂದಾಗಿ ತೆರೆದು ಟಿಕ್ ತೆಗೆದೆ. ಪ್ರತಿ ಚೌಕದ ಮುಂದೆ ಒಂದೇ ಪ್ರಶ್ನೆ ಕೇಳಿಕೊಂಡೆ: ನಾಳೆ ಪೇರೆಂಟ್ ಬದಲಾದರೆ ಇದೂ ಬದಲಾಗಬೇಕಾ? ಹೌದು ಅನಿಸಿದರೆ ಟಿಕ್ ಬೇಡ. ಕೊನೆಗೆ ಹೆಚ್ಚಿನವುಗಳಲ್ಲಿ ಉಳಿದದ್ದು ಟೆಕ್ಸ್ಚರ್ (ಮೇಲ್ಮೈಗೆ ಹೊದಿಸುವ ಚಿತ್ರ), ಬಣ್ಣ, ಇನ್ನೊಂದೆರಡು ಅಂಕಿ ಅಷ್ಟೇ.

ಮಳೆಯನ್ನೂ ಹೊಸದಾಗಿ ಯೋಚಿಸಬೇಕಾಯಿತು. ಎಲ್ಲದರ ರಫ್‌ನೆಸ್ ಒಂದೇ ಸಮ ಇಳಿಸಿದರೆ ಮನೆಯೆಲ್ಲ ಪ್ಲಾಸ್ಟಿಕ್ ಹಾಗೆ ಕಾಣುತ್ತದೆ. ಜಂಬಿಟ್ಟಿಗೆ ನೀರು ಕುಡಿಯುವ ಕಲ್ಲು. ಒದ್ದೆಯಾದರೆ ಮೊದಲು ಕಪ್ಪಾಗುತ್ತದೆ, ಹೊಳಪು ಆಮೇಲಿನ ಮಾತು. ಪಾಲಿಶ್ ಆದ ರೆಡ್ ಆಕ್ಸೈಡ್ ನೆಲ ನೀರು ಕುಡಿಯುವುದೇ ಕಡಿಮೆ. ಅದರ ಮೇಲೆ ನೀರು ತೆಳ್ಳಗೆ ನಿಂತು ಬೆಳಕು ಹೊಡೆಯುತ್ತದೆ. ಹೆಂಚು ಇವೆರಡರ ನಡುವೆ. ಹಾಗಾಗಿ ಮಾಸ್ಟರ್‌ನಲ್ಲಿ 'ನೀರು ಹೀರುವಿಕೆ' ಅನ್ನುವ ಪ್ಯಾರಾಮೀಟರ್ ಇಟ್ಟೆ. ಅದು ಜಾಸ್ತಿ ಇದ್ದರೆ ಬೇಸ್ ಕಲರ್ ಕಪ್ಪಾಗುತ್ತದೆ, ಕಡಿಮೆ ಇದ್ದರೆ ರಫ್‌ನೆಸ್ ಇಳಿಯುತ್ತದೆ. ಜಂಬಿಟ್ಟಿಗೆಗೆ 0.9, ಹೆಂಚಿಗೆ 0.6, ನೆಲಕ್ಕೆ 0.1. ಅಳತೆ ಮಾಡಿದ ಅಂಕಿಗಳಲ್ಲ, ಊರಿನ ಮನೆಯ ಫೋಟೋ ಪಕ್ಕದಲ್ಲಿಟ್ಟುಕೊಂಡು ಕಣ್ಣಳತೆಯಲ್ಲಿ ಹೊಂದಿಸಿದ್ದು. ಎಷ್ಟು ಮಳೆ ಬಂದಿದೆ ಅನ್ನುವುದನ್ನು ಮಾತ್ರ ಯಾವ ಇನ್‌ಸ್ಟನ್ಸ್‌ನಲ್ಲೂ ಇಡಲಿಲ್ಲ. ಅದು ಮೆಟೀರಿಯಲ್ ಪ್ಯಾರಾಮೀಟರ್ ಕಲೆಕ್ಷನ್‌ನಲ್ಲಿ, ಅಂದರೆ ಹಲವು ಮೆಟೀರಿಯಲ್‌ಗಳು ಒಟ್ಟಿಗೆ ಓದುವ ಪಟ್ಟಿಯಲ್ಲಿ, ಇರುವ ಒಂದೇ ಅಂಕಿ. ಆಟ ನಡೆಯುವಾಗ ಅದನ್ನು 0ಯಿಂದ 1ಕ್ಕೆ ಏರಿಸಿದರೆ ಇಡೀ ಮನೆ ನಿಧಾನಕ್ಕೆ ನೆನೆಯುತ್ತದೆ. ಮೊದಲ ಸಲ ನೋಡಿದಾಗ ತುಂಬಾ ಹೊತ್ತು ಸುಮ್ನೆ ನೋಡುತ್ತಾ ಕೂತಿದ್ದೆ.

ಇನ್ನೊಂದು ವಿಷಯ ಸ್ಟ್ಯಾಟಿಕ್ ಸ್ವಿಚ್, ಅಂದರೆ ಮೆಟೀರಿಯಲ್‌ನ ಒಂದು ಭಾಗವನ್ನು ಇಡಿಯಾಗಿ ಸೇರಿಸುವ ಅಥವಾ ಬಿಡುವ ಗುಂಡಿ. ಅಂಕಿ, ಬಣ್ಣ, ಟೆಕ್ಸ್ಚರ್ ಓವರ್‌ರೈಡ್ ಮಾಡಿದರೆ ಶೇಡರ್ (ಮೇಲ್ಮೈಯನ್ನು ಪರದೆಯ ಮೇಲೆ ಬಿಡಿಸುವ ಪ್ರೋಗ್ರಾಂ) ಮತ್ತೆ ಕಂಪೈಲ್ ಆಗುವುದಿಲ್ಲ. ಸ್ವಿಚ್ ಬದಲಿಸಿದರೆ ಹೊಸ ಶೇಡರೇ ಹುಟ್ಟುತ್ತದೆ. ನನ್ನ ಮಾಸ್ಟರ್‌ನಲ್ಲಿ ಆರು ಸ್ವಿಚ್ ಇದ್ದವು, ಅಂದರೆ 64 ಬಗೆಯ ಶೇಡರ್‌ಗೆ ದಾರಿ. ಬಳಸಿದ ಬಗೆಗಳಷ್ಟೇ ಕಂಪೈಲ್ ಆಗುತ್ತವೆ ನಿಜ, ಆದರೂ ಕಾಯುವುದು ಬೆಳೆಯುತ್ತಲೇ ಹೋಗಿತ್ತು. 'ಬಣ್ಣ ಸೇರಿಸು' ಅನ್ನುವ ಸ್ವಿಚ್ ಬೇಕೇ ಇರಲಿಲ್ಲ. ಬಿಳಿ ಬಣ್ಣದಿಂದ ಗುಣಿಸಿದರೆ ಏನೂ ಬದಲಾಗದು, ಅದನ್ನೇ ಡಿಫಾಲ್ಟ್ ಮಾಡಿದೆ. ಪಾಚಿಯ ಸ್ವಿಚ್ ಮಾತ್ರ ಉಳಿಸಿಕೊಂಡೆ. ಪಾಚಿಗೆ ಬೇರೆ ಮೂರು ಟೆಕ್ಸ್ಚರ್ ಓದಬೇಕು. ಪಾಚಿ ಇಲ್ಲದ ಹೆಂಚು ಆ ಖರ್ಚನ್ನು ಯಾಕೆ ಹೊರಬೇಕು?

ಇನ್‌ಸ್ಟನ್ಸ್‌ನಿಂದ ಇನ್ನೊಂದು ಇನ್‌ಸ್ಟನ್ಸ್ ಮಾಡಬಹುದು ಅನ್ನುವುದು ನನಗೆ ಬಹಳ ಇಷ್ಟವಾದ ಅನುಕೂಲ. ಹೆಂಚಿನ ಮಗು ಹಳೆ ಹೆಂಚು, ಅದರ ಮಗು ಪಾಚಿ ಹೆಂಚು. ಮೂರು ಮೆಟ್ಟಿಲಿಗಿಂತ ಕೆಳಗೆ ನಾನು ಇಳಿಯುವುದಿಲ್ಲ. ಅದಕ್ಕಿಂತ ಜಾಸ್ತಿಯಾದರೆ ಯಾವ ಬೆಲೆ ಎಲ್ಲಿಂದ ಬಂತು ಅಂತ ಹುಡುಕುವುದೇ ಕೆಲಸವಾಗುತ್ತದೆ.

ಕೊನೆಗೆ ಉಳಿದದ್ದು ಮನೆಯೊಳಗಿನ ನೆಲ. ಮಳೆ ಬಂದರೆ ಅದೂ ನೆನೆಯುತ್ತಿತ್ತು. ಮಾಸ್ಟರ್‌ಗೆ 'ಮಳೆ ತಾಗುತ್ತದೆಯೇ' ಅನ್ನುವ ಅಂಕಿ ಸೇರಿಸಿ, ಡಿಫಾಲ್ಟ್ 1 ಇಟ್ಟು, ಒದ್ದೆಯ ಲೆಕ್ಕಕ್ಕೆ ಗುಣಿಸಿದೆ. ಜಗುಲಿ ನೆಲದಿಂದ ಒಂದು ಮಗು ಮಾಡಿ, ಅದರಲ್ಲಿ ಆ ಒಂದೇ ಚೌಕಕ್ಕೆ ಟಿಕ್ ಹಾಕಿ 0 ಕೊಟ್ಟೆ. ಈಗ ಜಗುಲಿಯ ಕೆಂಪು ಬದಲಿಸಿದರೆ ಒಳಗಿನ ನೆಲದ ಕೆಂಪೂ ಬದಲಾಗುತ್ತದೆ. ಒದ್ದೆ ಮಾತ್ರ ಹೊಸ್ತಿಲ ಹತ್ತಿರ ನಿಲ್ಲುತ್ತದೆ.