ಹಾಡು ನಡುವೆ ಕಡಿದುಹೋದರೆ ಮೊದಲು ಕೇಬಲ್ ಹಾಕಿ ನೋಡಿ

ಮನೆಯ ನೆಟ್‌ವರ್ಕ್ ಮೂಲಕ ಹಾಡು ತರಿಸಿ ನುಡಿಸುವ ನೆಟ್‌ವರ್ಕ್ ಮ್ಯೂಸಿಕ್ ಪ್ಲೇಯರ್‌ನಲ್ಲಿ ಆಲಾಪದ ನಡುವೆಯೇ ಧ್ವನಿ ಕಡಿದುಹೋಗುತ್ತಿದೆಯೇ? ಪ್ಲೇಯರನ್ನು ದೂರುವ ಮೊದಲು ರೂಟರ್‌ನಿಂದ ಪ್ಲೇಯರ್‌ಗೆ ಒಂದು ಈಥರ್ನೆಟ್ ಕೇಬಲ್ ಹಾಕಿ ನೋಡಿ. ಸಿ.ಡಿ. ಗುಣಮಟ್ಟದ ಸಂಗೀತಕ್ಕೆ ಸೆಕೆಂಡಿಗೆ ಸುಮಾರು 1.4 ಮೆಗಾಬಿಟ್ ಸಾಕು. ಸಿ.ಡಿ.ಗಿಂತ ಹೆಚ್ಚು ವಿವರ ತುಂಬಿದ 24 ಬಿಟ್, 192 ಕಿಲೋಹರ್ಟ್ಸ್ ಕಡತವನ್ನು ಕುಗ್ಗಿಸದೆ ಕಳಿಸಿದರೂ ಬೇಕಾಗುವುದು ಸುಮಾರು 9.2 ಮೆಗಾಬಿಟ್. ಹಾಗಾಗಿ ಕೊರತೆ ಸಾಮಾನ್ಯವಾಗಿ ವೇಗದ್ದಲ್ಲ, ವೈಫೈ ಸಂಕೇತ ಆಗಾಗ ತಪ್ಪುವುದೇ ಕಾರಣ. ನನ್ನ ಪ್ಲೇಯರ್ ಆಂಪ್ಲಿಫೈಯರ್‌ನ ಲೋಹದ ಪೆಟ್ಟಿಗೆಯ ಹಿಂದೆ ಅಡಗಿ ಕುಳಿತಿತ್ತು. ಒಂದು ಗೇಣು ಮುಂದೆ ಸರಿಸಿದಾಗಲೇ ಅರ್ಧ ತೊಂದರೆ ಹೋಯಿತು, ಕೇಬಲ್ ಹಾಕಿದ ಮೇಲೆ ಪೂರ್ತಿ. ಇದಕ್ಕೆ ದುಬಾರಿ ಕೇಬಲ್ ಖಂಡಿತ ಬೇಡ.

ಇನ್ನೊಂದು ಮಾತು: ಆಂಪ್ಲಿಫೈಯರ್‌ನಲ್ಲೇ ಧ್ವನಿ ಹೊಂದಿಸಿಕೊಳ್ಳುವವರು ಪ್ಲೇಯರ್‌ನ ಔಟ್‌ಪುಟ್ ಮಟ್ಟವನ್ನು ಸ್ಥಿರವಾಗಿಡಬಹುದು, ಆಗ ಪ್ಲೇಯರ್ ಸಾಮಾನ್ಯವಾಗಿ ಪೂರ್ತಿ ಮಟ್ಟದಲ್ಲೇ ಧ್ವನಿ ಕಳಿಸುತ್ತದೆ. ಆದರೆ ಬದಲಿಸುವ ಮುನ್ನ ಆಂಪ್ಲಿಫೈಯರ್‌ನ ಧ್ವನಿಯನ್ನು ಪೂರ್ತಿ ತಗ್ಗಿಸಿ, ಇಲ್ಲದಿದ್ದರೆ ಸ್ಪೀಕರ್‌ಗಳು ಒಮ್ಮೆಲೇ ಅಬ್ಬರಿಸಿಯಾವು.