ಹೆಣ್ಣಿನ ಮುಖವಿರುವ ಹಳೆಯ ಜಾಹೀರಾತು ಟ್ರೇಗಳನ್ನು ಆರಿಸುವ ಬಗೆ

ಅಮೆರಿಕದ ಬಿಯರ್ ಮತ್ತು ತಂಪು ಪಾನೀಯದ ಕಂಪನಿಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಅಂಗಡಿಗಳಿಗೆ ಹಂಚುತ್ತಿದ್ದ ತಗಡಿನ ಟ್ರೇಗಳಲ್ಲಿ ಇಂದು ಹೆಚ್ಚು ಬೇಡಿಕೆಯಿರುವುದು ಸುಂದರಿಯರ ಭಾವಚಿತ್ರವಿರುವ ಟ್ರೇಗಳಿಗೆ. ಕೋಕಾ-ಕೋಲಾದ ಟ್ರೇಗಳಲ್ಲಿ 1900ರ ಆಸುಪಾಸಿನಲ್ಲಿ ಗಾಯಕಿ ಹಿಲ್ಡಾ ಕ್ಲಾರ್ಕ್, 1905ರ ಹೊತ್ತಿಗೆ ಅಪೆರಾ ಗಾಯಕಿ ಲಿಲಿಯನ್ ನಾರ್ಡಿಕಾ ಕಾಣಿಸಿಕೊಂಡರು. ಹೊಸಬರು ಮೊದಲಿಗೇ ಇಂಥ ಹೆಸರಾಂತ ಟ್ರೇಗಳ ಬೆನ್ನು ಹತ್ತದಿರುವುದು ಒಳ್ಳೆಯದು, ಏಕೆಂದರೆ ನಕಲು ಹೆಚ್ಚಾಗಿ ಹುಟ್ಟುವುದು ಬೆಲೆ ಹೆಚ್ಚಿರುವಲ್ಲೇ.

ಬಿಯರ್ ಕಂಪನಿಗಳ ಟ್ರೇಗಳಿಂದ ಆರಂಭಿಸುವುದು ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯಕರ. ಮುದ್ರಕರು ಒಂದೇ ಚಿತ್ರವನ್ನು ಸಿದ್ಧವಾಗಿಟ್ಟುಕೊಂಡು, ಕೇಳಿದ ಕಂಪನಿಯ ಹೆಸರನ್ನಷ್ಟೇ ಬದಲಿಸಿ ಮಾರುತ್ತಿದ್ದುದರಿಂದ, ಒಬ್ಬಳೇ ಹೆಣ್ಣು ಹಲವು ಊರುಗಳ ಹಲವು ಹೆಸರುಗಳ ನಡುವೆ ಮುಗುಳ್ನಗುತ್ತಿರುತ್ತಾಳೆ. ಅವಳೊಬ್ಬಳ ಜಾಡು ಹಿಡಿದೇ ಒಂದು ಸಂಗ್ರಹವನ್ನು ಕಟ್ಟಬಹುದು. 1920ರಲ್ಲಿ ಜಾರಿಗೆ ಬಂದ ಮದ್ಯನಿಷೇಧವು 1933ರವರೆಗೆ ಉಳಿದದ್ದರಿಂದ, ಅದಕ್ಕೂ ಹಿಂದಿನ ಟ್ರೇಗಳನ್ನು ಸಂಗ್ರಾಹಕರು ಬೇರೆಯದೇ ವರ್ಗವಾಗಿ ಕಾಣುತ್ತಾರೆ.

ಕೊಳ್ಳುವ ಮುನ್ನ ಅಂಚಿನ ಕೆಳಭಾಗದಲ್ಲಿ ಸಣ್ಣ ಅಕ್ಷರದ ಮುದ್ರಕರ ಹೆಸರನ್ನು ಹುಡುಕಿರಿ. ಈ ಉದ್ಯಮದ ತವರಾದ ಒಹಾಯೋದ ಕೊಶಾಕ್ಟನ್ ಊರಿನ ಅಮೆರಿಕನ್ ಆರ್ಟ್ ವರ್ಕ್ಸ್ ಮತ್ತು ಎಚ್. ಡಿ. ಬೀಚ್, ಶಿಕಾಗೋದ ಚಾರ್ಲ್ಸ್ ಶಾಂಕ್ ಮೊದಲಾದ ಹೆಸರುಗಳು ಪದೇ ಪದೇ ಸಿಗುತ್ತವೆ. ಆದರೆ ನಕಲು ಮಾಡುವವರು ಆ ಹೆಸರನ್ನೂ ಸೇರಿಸಿಯೇ ಅಚ್ಚು ಹಾಕಿರಬಹುದಾದ್ದರಿಂದ ಅದೊಂದನ್ನೇ ನಂಬುವಂತಿಲ್ಲ.

ನಂಬಬೇಕಾದದ್ದು ಭೂತಗನ್ನಡಿಯನ್ನು. ಅದನ್ನು ಚಿತ್ರದ ಕೆನ್ನೆಯ ಮೇಲೆ ಹಿಡಿಯಿರಿ. ಕಲ್ಲಿನ ಮೇಲೆ ಬಿಡಿಸಿದ ಚಿತ್ರದಿಂದ ಅಚ್ಚು ಹಾಕುವ ಹಳೆಯ ಕಲ್ಲಚ್ಚಿನಲ್ಲಿ ಕೆನ್ನೆಯ ಕೆಂಪು ಮೂಡಿರುವುದು ಕಲಾವಿದನು ಕೈಯಿಂದ ಇಟ್ಟ ಚುಕ್ಕಿಗಳಿಂದ. ಅವು ಒಂದೇ ಗಾತ್ರದವಲ್ಲ, ಸಾಲಾಗಿಯೂ ಇಲ್ಲ, ಕಣ್ಣಿನ ಕೆಳಗೆ ದಟ್ಟೈಸಿ ಗಲ್ಲದತ್ತ ಚದುರಿರುತ್ತವೆ. ಫೋಟೋ ತೆಗೆದು ಮಾಡಿದ ನಕಲಿನಲ್ಲಾದರೋ ಚುಕ್ಕಿಗಳು ಜಾಲರಿಯಂತೆ ಕ್ರಮಬದ್ಧವಾಗಿ ಕೂತಿರುತ್ತವೆ. ಇನ್ನೊಂದು ಗುರುತೂ ಉಂಟು: ಸವೆದ ಟ್ರೇಯ ಫೋಟೋದಿಂದ ನಕಲು ಮಾಡಿದಾಗ ಮೂಲದ ಗೀರುಗಳೂ ಅಚ್ಚಾಗಿಬಿಡುತ್ತವೆ, ಕಣ್ಣಿಗೆ ಗೀರು ಕಂಡರೂ ಉಗುರಿನ ತುದಿಗೆ ಏನೂ ತಾಗುವುದಿಲ್ಲ. ವಿಳಾಸದ ಜೊತೆ ಐದಂಕಿಯ ಅಂಚೆ ಸಂಖ್ಯೆ ಇದ್ದರೆ ಆ ಟ್ರೇ 1963ಕ್ಕಿಂತ ಹಿಂದಿನದಾಗಿರಲಾರದು.

ಸ್ಥಿತಿಯನ್ನು ಅಳೆಯುವಾಗಲೂ ಮುಖಕ್ಕೇ ಮೊದಲ ಮಣೆ. ಅಂಚು ಸವೆದು, ಹಿಂಬದಿಗೆ ತುಕ್ಕು ಹಿಡಿದಿದ್ದರೂ ಮುಖ ಚೆನ್ನಾಗಿದ್ದರೆ ನಾನು ಕೊಳ್ಳುತ್ತೇನೆ; ಮೂಗಿನ ಮೇಲೊಂದು ನೆಗ್ಗು ಬಿದ್ದಿದ್ದರೆ, ಉಳಿದದ್ದೆಲ್ಲ ಹೊಸದರಂತಿದ್ದರೂ ಬಿಟ್ಟುಬರುತ್ತೇನೆ.

ಉಜ್ಜುವ ಪುಡಿ, ಲೋಹದ ಪಾಲಿಶ್‌ಗಳನ್ನು ಹತ್ತಿರವೂ ತರಬೇಡಿ. ಒಮ್ಮೆ ಕೊಳೆಯೆಂದುಕೊಂಡು ನಾನು ಉಜ್ಜಿ ತೆಗೆದದ್ದು ಮೇಲಿನ ವಾರ್ನಿಶ್ ಆಗಿತ್ತು. ಅದರ ಜೊತೆಗೆ ತುಟಿಯ ಬಣ್ಣವೂ ಬಟ್ಟೆಗೆ ಬಂತು. ಒದ್ದೆ ಮಾಡಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ, ಕೂಡಲೇ ಒಣಗಿಸಿದರೆ ಸಾಕು. ಟ್ರೇಗಳನ್ನು ಬಿಸಿಲು ಬೀಳದ ಕಡೆ ಇಡಿ, ಒಂದರ ಮೇಲೊಂದು ಜೋಡಿಸುವುದಾದರೆ ನಡುವೆ ಬಟ್ಟೆ ಹಾಸಿ, ಏಕೆಂದರೆ ಮೇಲಿನ ಟ್ರೇಯ ತಳ ಗೀರುವುದು ನೇರವಾಗಿ ಕೆಳಗಿನವಳ ಮುಖವನ್ನೇ.